ಹೊಸಿಲು ದಾಟಿದ ಬೂಟು

ನನ್ನ ಎಡಗಾಲು ಬಲಗಾಲಿಗಿಂತ ಗಿಡ್ಡ. ಎರಡು ಬೆರಳು ಅಡ್ಡ ಇಟ್ಟರೆ ಎಷ್ಟಾಗುತ್ತದೋ ಅಷ್ಟು ಗಿಡ್ಡ. ಇದನ್ನು ಹೇಳುವುದಕ್ಕೆ ನನಗೆ ನಾಚಿಕೆ ಏನಿಲ್ಲ. ನಾಚಿಕೆ ಪಡಬೇಕಾದವರು ಬೇರೆ ಇದ್ದರು. ಅವರೂ ಪಡಲಿಲ್ಲ, ಈಗ ಸತ್ತೂ ಹೋದರು.

ನಾನು ಓದಿದ್ದು ಎರಡನೇ ಕ್ಲಾಸು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ನೋಯುತ್ತದೆ. ಆದರೂ ಬರೆಯಲು ಕೂತಿದ್ದೇನೆ. ನಮ್ಮ ಎದುರುಮನೆಯ ಮಹಡಿಯಲ್ಲಿ ಬಾಡಿಗೆಗಿರುವವರ ಹುಡುಗಿಗೆ ಹೋದ ತಿಂಗಳು ಡಾಕ್ಟರು ಅದೇ ಮಾತು ಹೇಳಿದರಂತೆ. ಕಾಲು ಹೆಚ್ಚುಕಡಿಮೆ ಇದೆ, ಅದರಿಂದ ಬೆನ್ನು ವಾಲುತ್ತಿದೆ, ಬೂಟಿನೊಳಗೆ ಎತ್ತರ ಇಟ್ಟುಕೊ ಅಂತ. ಅವಳು ಆ ಎತ್ತರವನ್ನು ಬ್ಯಾಗಿನಲ್ಲಿ ಹೊತ್ತುಕೊಂಡು ಸ್ಕೂಲಿಗೆ ಹೋಗುತ್ತಾಳೆ, ಕಾಲಿಗೆ ಮಾತ್ರ ಹಾಕುವುದಿಲ್ಲ. ತಾಯಿ ಬಂದು ನನ್ನ ಮುಂದೆ ಕೂತು ಅತ್ತಳು. ಅಳುವುದು ಬಿಡು, ನಾನು ಬರೆದು ಕೊಡುತ್ತೇನೆ, ಅವಳ ಕೈಗೆ ಕೊಡು ಅಂದೆ.

ನಮ್ಮದು ಸೋಲದೇವನಹಳ್ಳಿ ಸ್ಟೇಷನ್ನಿನಿಂದ ಹೊಲದ ಮೇಲೆ ಹಾದು ಹೋಗಬೇಕಾದ ಊರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹಾಸ್ಟೆಲ್ಲುಗಳು ನಿಂತಿವೆ. ನಾನು ಹೇಳುತ್ತಿರುವುದು ಹೊಸ ನಯಾಪೈಸೆ ಬಂದಿದ್ದರೂ ನಮ್ಮಜ್ಜಿ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಅಜ್ಜಿ, ಮತ್ತೆ ನಾನು ಮುನಿಯಮ್ಮ. ಎಲ್ಲರೂ ಕರೆಯುತ್ತಿದ್ದುದು ಮುನಿ ಅಂತ.

ತೀರಾ ಸಣ್ಣವಳಿದ್ದಾಗ ಜ್ವರ ಬಂದು ಎಡಗಾಲು ಸೋತಿತ್ತಂತೆ. ಆಮೇಲೆ ನಡೆದೆ, ಓಡಿದೆ, ಸೀಬೆಮರ ಹತ್ತಿದೆ. ಜ್ವರ ಎಲ್ಲರಿಗೂ ಮರೆತುಹೋಯಿತು. ಹನ್ನೆರಡು ತುಂಬಿ ಸರಸರ ಉದ್ದ ಬೆಳೆಯುವುದಕ್ಕೆ ಶುರುವಾದಾಗ ಬಲಗಾಲು ಬೆಳೆದಂಗೆ ಎಡಗಾಲು ಬೆಳೆಯಲಿಲ್ಲ. ಯಾರಿಗೂ ಅದು ಗೊತ್ತಾಗಲಿಲ್ಲ. ಕಣ್ಣಿಗೆ ಬಿದ್ದಿದ್ದು ಲಂಗ. ಎಡಗಡೆ ಅಂಚು ನೆಲ ಗುಡಿಸುತ್ತಿತ್ತು.

"ಲಂಗ ನೆಟ್ಟಗೆ ಕಟ್ಕಣಾಕೂ ಬರಲ್ವೇನೇ ನಿಂಗೆ? ನಾಳೆ ಸೀರೆ ಎಂಗೆ ಉಡ್ತೀಯ?" ಅಂತ ಅವ್ವ ದಿನಾ ಬೈಯುವಳು. ಒಂದು ದಿನ ತಾನೇ ಕಟ್ಟಿದಳು. ಹಿಂದೆ ಸರಿದು ನೋಡಿದಳು. ಹಂಗೇ ಇತ್ತು. ಆಗಲಾದರೂ ನನ್ನ ಸೊಂಟ ನೋಡಬೇಕಿತ್ತು, ನೋಡಲಿಲ್ಲ. ಸೂಜಿದಾರ ತಂದು ಎಡಗಡೆ ಒಂದು ಮಡಿಕೆ ಹಾಕಿ ಹೊಲಿದಳು. ಆಮೇಲೆ ಬಂದ ಲಂಗಗಳಿಗೆಲ್ಲ ಮಡಿಕೆ ಹಾಕಿಯೇ ಕೊಟ್ಟಳು. ಲಂಗ ನೆಟ್ಟಗಾಯಿತು, ನಾನು ಸೊಟ್ಟಗೇ ಉಳಿದೆ.

ಸೊಟ್ಟಗಿದ್ದುದನ್ನು ಕಂಡಿದ್ದು ಸಿಡುಬಿನ ಲಸಿಕೆ ಹಾಕಲು ಊರಿಗೆ ಬಂದ ನರ್ಸಮ್ಮ. ಅವರು ಕೈ ತೊಳೆಯಲಿ ಅಂತ ನಾನು ಬಗ್ಗಿ ಬಿಂದಿಗೆ ಎತ್ತಿದೆ. ಅವರು ತಟ್ಟನೆ, "ಹಂಗೇ ಇರು, ಏಳ್ಬೇಡ" ಅಂದರು. ರವಿಕೆಯ ಮೇಲೆಯೇ ಬೆನ್ನುಮೂಳೆಯುದ್ದಕ್ಕೂ ಬೆರಳು ಎಳೆದರು. ಬೆರಳು ನೆಟ್ಟಗೆ ಇಳಿಯಲಿಲ್ಲ, ಪಕ್ಕಕ್ಕೆ ಹೋಗಿ ಮತ್ತೆ ಬಂತು. ನನಗೇ ಗೊತ್ತಾಯಿತು.

"ಇದು ಯಾವಾಗಿನಿಂದ ಹೀಗಿದೆ ಅಮ್ಮ?" ಅಂತ ಅವ್ವನನ್ನು ಕೇಳಿದರು.

"ಯಾವ್ದು?" ಅಂದಳು ಅವ್ವ.

"ನಿಮ್ಮ ಮಗಳ ಬೆನ್ನು. ಪಟ್ಟಣದ ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ ತೋರಿಸಿ."

ಅಜ್ಜಿ ಒಳಗಿಂದಲೇ ಉತ್ತರ ಕೊಟ್ಟಳು. "ಒಂದೇ ಸೊಂಟದಾಗೆ ಬಿಂದಿಗೆ ಒರ್ತಾಳೆ, ಅದುಕ್ಕೇ. ಆ ಕಡೀಕೆ ಒತ್ರೆ ಸರೋಯ್ತದೆ."

ಆ ಕಡೆಗೂ ಹೊತ್ತೆ. ನೀರು ಚೆಲ್ಲಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಯಲಹಂಕದಲ್ಲಿ ಮೂಳೆ ಕೂರಿಸುವವನೊಬ್ಬ ಇದ್ದ. ಅವನು ಎಣ್ಣೆ ಹಚ್ಚಿ ಕಾಲು ಜಗ್ಗಿದ. ನಾನು ಇನ್ನೊಂದು ಕಾಲಿನಲ್ಲಿ ಅವನ ಎದೆಗೆ ಒದ್ದೆ. ಅಲ್ಲಿಗೆ ಆ ವೈದ್ಯ ಮುಗಿಯಿತು. ಆಗ ಅಪ್ಪ, "ನರ್ಸಮ್ಮ ಏಳಿದ್ ಕಡೆಗೇ ಓಗನ" ಅಂದ.

ಬೆಳಗಿನ ಪ್ಯಾಸೆಂಜರು ಹತ್ತಿ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋದೆವು. ನಮ್ಮ ಡಬ್ಬಿಯಲ್ಲಿ ಸೊಪ್ಪಿನ ಹೊರೆ, ಹಾಲಿನ ಕ್ಯಾನು. ಯಶವಂತಪುರದಲ್ಲಿ ಗಾಡಿ ನಿಂತಾಗ ಕಿಟಕಿಯಿಂದ ಮಸಿ ಒಳಗೆ ಬಂದು ನನ್ನ ಹೊಸ ರವಿಕೆಯ ಮೇಲೆ ಕೂತಿತು. ಅವ್ವ ಅದನ್ನು ಒರೆಸುತ್ತಾ ಒರೆಸುತ್ತಾ ಅಳುವುದಕ್ಕೆ ಶುರು ಮಾಡಿದಳು. ಮಸಿಗಲ್ಲ ಅವಳು ಅತ್ತಿದ್ದು ಅಂತ ನನಗೆ ಗೊತ್ತಿತ್ತು. ನಾನು ಎಡಗಾಲನ್ನು ಲಂಗದೊಳಗೆ ಎಳೆದು ಮುಚ್ಚಿಕೊಂಡೆ. ಕಾಲು ಕೊಯ್ದು ಉದ್ದ ಮಾಡುತ್ತಾರೆ ಅಂತ ಊರಲ್ಲಿ ಯಾರೋ ಹೇಳಿದ್ದರು.

ಆಸ್ಪತ್ರೆಯ ಬೆಂಚು ನನಗೆ ಈಗಲೂ ಕಣ್ಣಿಗೆ ಕಟ್ಟಿದಂಗಿದೆ. ಕೂತು ಕೂತು ಜನ ಅದನ್ನು ನುಣ್ಣಗೆ ಸವೆಸಿದ್ದರು. ಒಬ್ಬರು ಎದ್ದು ಒಳಗೆ ಹೋದರೆ ಉಳಿದವರೆಲ್ಲ ಕುಂಡಿ ಎತ್ತದೆ ಹಂಗೇ ಜರುಗಿಕೊಳ್ಳಬೇಕು. ಎದ್ದರೆ ಜಾಗ ಹೋಯಿತು. ನನ್ನ ಪಕ್ಕ ಹೆಬ್ಬಾಳದ ಕಡೆಯ ಜೈನಬಿ ಅಂತ ಒಬ್ಬಾಕೆ ಮಗಳನ್ನು ಕೂರಿಸಿಕೊಂಡಿದ್ದರು. ಆ ಹುಡುಗಿಯ ಎರಡೂ ಕಾಲಿಗೆ ಕಬ್ಬಿಣದ ಪಟ್ಟಿ. ನಾನು ಬಿಟ್ಟ ಕಣ್ಣು ಬಿಟ್ಟಂಗೆ ನೋಡುತ್ತಿದ್ದೆ.

"ನೋಡು ಬೇಟಿ, ಚೆನ್ನಾಗಿ ನೋಡು. ಮುಟ್ಟಿ ಬೇಕಾದ್ರೂ ನೋಡು" ಅಂದರು ಜೈನಬಿ. "ಕದ್ದು ನೋಡಿದ್ರೆ ಅವ್ಳಿಗೆ ಕೋಪ ಬರ್ತದೆ."

ಮುಟ್ಟಿದೆ. ತಣ್ಣಗಿತ್ತು. ಆ ಹುಡುಗಿ ತನ್ನ ಮಡಿಲಿಂದ ಕಡಲೆಕಾಯಿ ತೆಗೆದು ನನ್ನ ಕೈಗೆ ಹಾಕಿದಳು. ಅವತ್ತು ನಾನು ತಿಂದಿದ್ದು ಅಷ್ಟೇ.

ಡಾಕ್ಟರು ಕಾಲು ಕೊಯ್ಯುವ ಮಾತು ಆಡಲಿಲ್ಲ. ನನ್ನನ್ನು ಗೋಡೆಗೆ ಮುಖ ಮಾಡಿ ಬರಿಗಾಲಲ್ಲಿ ನಿಲ್ಲಿಸಿದರು. ಸೊಂಟದ ಎರಡೂ ಕಡೆ ಕೈಯಿಟ್ಟು ನೋಡಿದರು. ಆಮೇಲೆ ಎಡಗಾಲ ಕೆಳಗೆ ತೆಳ್ಳಗಿನ ಒಂದು ಹಲಗೆ ಇಟ್ಟರು. ಅದರ ಮೇಲೆ ಇನ್ನೊಂದು. ಮತ್ತೊಂದು. ಹಲಗೆ ಏರಿದಂಗೆಲ್ಲ ನನ್ನ ಮೈಯಲ್ಲಿ ಏನೋ ಬಿಚ್ಚಿಕೊಂಡಂಗೆ ಆಯಿತು. ಭೂಮಿ ಇಷ್ಟು ದಿನ ಇಳಿಜಾರಾಗಿತ್ತು, ಈಗ ಸಮ ಆಯಿತು ಅನ್ನಿಸಿತು. ಎಲ್ಲರೂ ಹಿಂಗೇ ನಿಂತಿರುತ್ತಾರಾ, ಇಷ್ಟು ಸುಲಭವಾಗಿ? ನನಗೆ ಮೊದಲು ಬಂದಿದ್ದು ಸಂತೋಷ ಅಲ್ಲ, ಸಿಟ್ಟು.

"ಬನ್ನಿ ಅಮ್ಮ, ಈಗ ನೋಡಿ ಬೆನ್ನು" ಅಂದರು ಡಾಕ್ಟರು.

ಅವ್ವ ಬಂದು ನೋಡಿದಳು. "ಅಯ್ಯೋ, ನೆಟ್ಟಗಾಯ್ತಲ್ಲ ಸ್ವಾಮಿ!" ಅಂದವಳು, ನನ್ನ ಲಂಗದ ಮಡಿಕೆ ಹಿಡಿದುಕೊಂಡು ಅಲ್ಲೇ ಅದರ ಹೊಲಿಗೆ ಕೀಳತೊಡಗಿದಳು.

"ಇನ್ನೂ ಬೆಳೆಯೋ ವಯಸ್ಸು. ಎಡಗಾಲಿಗೆ ಎತ್ತರದ ಬೂಟು ಮಾಡಿಸಿಕೊಡ್ತೀವಿ. ನಿಂತಾಗ, ನಡೆದಾಗ ಕಾಲಲ್ಲಿರಬೇಕು. ಹೊಲದಲ್ಲೂ, ಮನೆಯೊಳಗೂ. ಇಲ್ಲದಿದ್ದರೆ ಬೆನ್ನು ವಾಲಿದ ಹಾಗೇ ಗಟ್ಟಿಯಾಗುತ್ತೆ. ಆಮೇಲೆ ನನ್ನ ಕೈಲೂ ಆಗಲ್ಲ."

ಮನೆಯೊಳಗೂ ಅಂದಾಗ ಅವ್ವ ತಲೆ ಆಡಿಸಿದಳು. ಆಡಿಸಬೇಕಾದ ತಲೆ ಅವಳದಲ್ಲ, ಊರಲ್ಲಿತ್ತು.

ಬೂಟು ಬಂತು. ಚಂದ ಇತ್ತು ಅಂತ ಸುಳ್ಳು ಹೇಳುವುದಿಲ್ಲ. ಕಪ್ಪು ಚರ್ಮ, ಕೆಳಗೆ ಬೆಂಡಿನ ದಪ್ಪ ಅಟ್ಟೆ, ಒಳ್ಳೆ ಎಮ್ಮೆಯ ಗೊರಸಿನಂಗೆ. ಬಲಗಾಲಿಗೆ ಸಾದಾ ಮೆಟ್ಟು. ಸ್ಟೇಷನ್ನಿನಿಂದ ಊರಿನವರೆಗೆ ಅದರಲ್ಲೇ ನಡೆದೆ. ಹೊಲದಲ್ಲಿದ್ದವರು ಕುಡುಗೋಲು ಬಿಟ್ಟು ನೋಡಿದರು. "ಏನೇ ಮುನಿ, ಪೊಲೀಸ್ ಕೆಲ್ಸ ಸಿಕ್ತಾ?" ಅಂದ ಒಬ್ಬ. "ಊ ಕಣಣ್ಣ, ನಿನ್ನೇ ಮೊದ್ಲು ಇಡಿಯದು" ಅಂದೆ. ಉದ್ದಕ್ಕೂ ಸೊಂಟ ನೋಯಲಿಲ್ಲ. ಯಾರು ಏನಂದರೂ ನನಗೆ ತಟ್ಟಲಿಲ್ಲ.

ಮನೆ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

"ಅದ್ನ ಅಲ್ಲೇ ಬಿಡು."

"ಡಾಕ್ಟ್ರು ಒಳಗೂ ಆಕಬೇಕು ಅಂದವ್ರೆ ಅಜ್ಜಿ."

"ಡಾಕ್ಟ್ರ ಮನೇಲಿ ಆಕ್ಕಳ್ಳಿ. ಬೀದಿ ತುಳಿದ ಚರ್ಮ ಒಲೆ ಮುಂದೀಕೆ ಬತ್ತದಾ? ನಿಮ್ಮಪ್ಪನೂ ತಂದಿಲ್ಲ, ಅವರಪ್ಪನೂ ತಂದಿಲ್ಲ."

ಈ ಮಾತು ಈಗಿನವರಿಗೆ ಸುಮ್ಮನೆ ಹಟ ಅನ್ನಿಸಬಹುದು. ಆಗ ಹಂಗಲ್ಲ. ಚಪ್ಪಲಿ ಮೆಟ್ಟಿ ಹೊಸಿಲು ದಾಟಿದ ಹೆಂಗಸನ್ನು ಯಾರೂ ಕಂಡಿರಲಿಲ್ಲ. ದೊಡ್ಡವರ ಎದುರು ಬೀದಿಯಲ್ಲೇ ಕೈಗೆತ್ತಿಕೊಂಡು ಹೋಗುತ್ತಿದ್ದೆವು. ರಾಗಿ ಬಡಿಯುವ ಕಣಕ್ಕೆ ಗಂಡಸರೂ ಮೆಟ್ಟಿ ಕಾಲಿಡುತ್ತಿರಲಿಲ್ಲ. ನಾನು ಬೂಟು ಬಿಚ್ಚಿ ಜಗಲಿಯ ಕೆಳಗಿಟ್ಟೆ.

ಹೆಣ್ಣು ಹುಡುಗಿ ದಿನದಲ್ಲಿ ಎಷ್ಟು ಹೊತ್ತು ಹೊರಗಿರುತ್ತಾಳೆ? ಒನಕೆ ಹಿಡಿದು ಕುಟ್ಟುವುದು ಒಳಗೆ, ನಿಂತೇ ಕುಟ್ಟಬೇಕು. ಕಸ ಒಳಗೆ. ಕೊಟ್ಟಿಗೆಯೂ ಒಳಗೇ, ನಡುಮನೆಯ ಪಕ್ಕಕ್ಕೆ. ಬೂಟು ಜಗಲಿಯ ಕೆಳಗೆ ಸುಖವಾಗಿತ್ತು. ಒಂದು ಸಲ ಕೋಳಿ ಅದರೊಳಗೆ ಕಾವು ಕೂರುವುದಕ್ಕೂ ನೋಡಿತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಬೆನ್ನು ನೋಡುವುದಕ್ಕೆ ಮುಂಚೆ ಬೂಟು ಬಿಚ್ಚಿಸಿ ತಿರುವಿ ಅಟ್ಟೆ ನೋಡಿದರು. "ಹೊಸದಾಗೇ ಇದೆಯಲ್ಲ" ಅಂದರು. ಆಮೇಲೆ ಬೆನ್ನು ನೋಡಿದರು. ಹೋದ ಸಲಕ್ಕಿಂತ ಹೆಚ್ಚು ವಾಲಿತ್ತು. "ಹೀಗೇ ಬಿಟ್ಟರೆ ಎದೆಯಿಂದ ಸೊಂಟದವರೆಗೂ ಸುಣ್ಣದ ಪಟ್ಟು ಹಾಕಿ ಮಲಗಿಸಬೇಕಾಗುತ್ತೆ. ಅದಾದರೂ ಸರಿಹೋಗುತ್ತೆ ಅಂತ ನಾನು ಹೇಳಲ್ಲ" ಅಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಬೆಂಚಿನ ಮೇಲೆ ಅವ್ವ ಸೆರಗು ಬಾಯಿಗಿಟ್ಟುಕೊಂಡು ಕೂತಳು. ಅವತ್ತೂ ಜೈನಬಿ ಸಿಕ್ಕಿದರು. ಅವ್ವ ಎಲ್ಲ ಹೇಳಿಕೊಂಡಳು.

"ನಮ್ಮನೇಲೂ ಒಳಗೆ ಚಪ್ಪಲಿ ಇಲ್ಲಮ್ಮ" ಅಂದರು ಜೈನಬಿ. "ನಮ್ಮತ್ತೇನೂ ಕಬ್ಬಿಣ ಬಿಚ್ಚಿ ಬರ್ಲಿ ಅಂದ್ರು. ನಾನು ಅಂದೆ, ಇದು ಚಪ್ಪಲಿ ಅಲ್ಲ ಅಮ್ಮಾ, ಅವ್ಳ ಕಾಲು. ಕಾಲು ಬಿಚ್ಚಿ ಹೊರಗಿಡು ಅಂತ ನಿಮ್ಗೆ ಯಾರಾದ್ರೂ ಹೇಳಿದ್ರೆ ಸರೀನಾ ಅಂದೆ."

"ಏನಂದ್ರು?"

"ಒಂದು ವಾರ ಮಾತಾಡ್ಲಿಲ್ಲ. ಮನೆ ನಿಶ್ಶಬ್ದವಾಗಿ ಚೆನ್ನಾಗಿತ್ತು."

ಅವ್ವ ಅಳುತ್ತಲೇ ನಕ್ಕಳು. ಆದರೆ ಅವ್ವ ಅತ್ತೆಯ ಎದುರು ಮಾತಾಡುವ ಹೆಂಗಸಲ್ಲ ಅಂತ ನನಗೆ ಗೊತ್ತಿತ್ತು. ಬೆನ್ನು ನನ್ನದು. ನಾನೇ ಏನಾದರೂ ಮಾಡಬೇಕು.

ಗಾಡಿಯಲ್ಲಿ ಬರುತ್ತಾ ಯೋಚನೆ ಮಾಡಿದೆ. ಡಾಕ್ಟರು ಹೇಳಿದ್ದೇನು? ಬೂಟಿಲ್ಲದೆ ನಿಲ್ಲಬಾರದು, ನಡೆಯಬಾರದು. ಅಜ್ಜಿ ಹೇಳಿದ್ದೇನು? ಬೂಟು ಒಳಗೆ ಬರಬಾರದು. ಸರಿ, ಇಬ್ಬರ ಮಾತೂ ನಡೆಸೋಣ. ಮನೆ ತಲುಪಿ ಜಗಲಿಯ ಮೇಲೆ ಕೂತು ಬೂಟು ಬಿಚ್ಚಿದೆ. ಎದ್ದು ನಿಲ್ಲಲಿಲ್ಲ. ಎರಡೂ ಕೈ, ಎರಡೂ ಮಂಡಿ ಊರಿ ಅಂಬೆಗಾಲಲ್ಲಿ ಹೊಸಿಲು ದಾಟಿದೆ.

"ಇದೇನೇ ಇದು?" ಅಂದಳು ಅಜ್ಜಿ.

"ಬೂಟಿಲ್ದೆ ನಿಂತ್ರೆ ಬೆನ್ನು ಓಯ್ತದೆ. ನಾನು ನಿಲ್ಲಲ್ಲ."

"ಆಟ ಆಡ್ತೀಯಾ? ಏಳೇ ಮೇಲೆ!"

"ಬೂಟು ಕೊಡು, ಏಳ್ತೀನಿ."

ಏಳಲಿಲ್ಲ. ಮದುವೆಗೆ ಬಂದ ಹುಡುಗಿ ನಡುಮನೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಕೊಟ್ಟಿಗೆಗೆ ಮಗುವಿನಂಗೆ ಅಂಬೆಗಾಲಿಡುತ್ತಾ ತಿರುಗಿದೆ. ಕೂತು ಮಾಡುವ ಕೆಲಸವೆಲ್ಲ ಮಾಡಿದೆ. ರಾಗಿ ಬೀಸಿದೆ, ನೆನೆಸಿದ ಅವರೆಕಾಳು ಹಿದುಕಿ ಸಿಪ್ಪೆ ತೆಗೆದೆ. ಒನಕೆ ಮುಟ್ಟಲಿಲ್ಲ. ಒನಕೆ ಅಜ್ಜಿಯ ಕೈಗೇ ಹೋಯಿತು. ಅಪ್ಪ ಉಣ್ಣುತ್ತಾ ಕೂತಾಗ ನಾನು ಸಾರಿನ ಚೊಂಬು ತಳ್ಳಿಕೊಂಡು ಹೋದೆ. ಅಪ್ಪ ನನ್ನ ನೋಡಿದ, ತಾಯಿಯ ಕಡೆ ತಿರುಗಿ, "ಮದ್ವೆ ಮಂಟಪಕ್ಕೂ ಇಂಗೇ ಓಗ್ಲಿ ಬುಡವ್ವ. ಗಂಡೂ ಅಂಬೆಗಾಲಲ್ಲೇ ಬಂದ್ರೆ ಜೋಡಿ ಸರೋಯ್ತದೆ" ಅಂದ. ಅಜ್ಜಿ ಮುದ್ದೆ ಬಿಟ್ಟು ಎದ್ದು ಹೋದಳು.

ಒಂದು ಬೆಳಿಗ್ಗೆ ಪಕ್ಕದ ಮನೆಯ ತಿಮ್ಮಕ್ಕ ಒಲೆಗೆ ಕೆಂಡ ಕೇಳಿಕೊಂಡು ಬಂದಳು. ನಾನು ಒಲೆಯ ಕಡೆಯಿಂದ ಅಂಬೆಗಾಲಲ್ಲಿ ಬಂದೆ. ಅವಳ ಕೈಯ ಓಡು ನೆಲಕ್ಕೆ ಬಿತ್ತು.

"ಅಯ್ಯೋ ನಮ್ಮವ್ವ! ಮುನಿಗೆ ಕಾಲು ಪೂರ್ತಿ ಓಗೇಬುಡ್ತಾ?"

ಕೆಂಡ ತೆಗೆದುಕೊಳ್ಳದೆಯೇ ಓಡಿದಳು. ಮಧ್ಯಾಹ್ನದ ಹೊತ್ತಿಗೆ ಊರಿನ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಸತ್ತವರ ಮನೆಗೆ ಬಂದಂಗೆ ಬಂದು ಕೂತರು. ಒಬ್ಬಳು ಬಾಳೆಹಣ್ಣು ತಂದಿದ್ದಳು. ಒಬ್ಬಳು ನನ್ನ ತಲೆ ಸವರಿ, "ಕಣ್ಣು ಮೂಗು ಎಷ್ಟ್ ಚೆನ್ನಾಗವೆ ಮಗೀಗೆ" ಅಂತ ಅತ್ತಳು. ಇನ್ನೊಬ್ಬಳು ಅಜ್ಜಿಗೆ, "ಇನ್ನು ಯಾರು ಮಾಡ್ಕತ್ತಾರೆ ಬುಡಿ, ನಿಮ್ಮನೇಲೇ ಇರ್ತಾಳೆ, ನಿಮ್ಗೂ ಜೊತೆ ಆಯ್ತು" ಅಂದಳು. ನಾನು ಬಾಳೆಹಣ್ಣು ಸುಲಿದು ತಿನ್ನುತ್ತಾ ಕೂತಿದ್ದೆ.

ಅಜ್ಜಿಗೆ ತಡೆಯಲಾಗಲಿಲ್ಲ. "ಯಾರ್ರೀ ಏಳಿದ್ದು ಕಾಲು ಓಗದೆ ಅಂತ? ಎದ್ದು ನಿಂತ್ಕಳೇ ಮುನಿ! ನಿಂತು ತೋರ್ಸೇ!"

"ಬೂಟು?" ಅಂದೆ.

ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ನನ್ನ ನೋಡಿದಳು. ಆ ನೋಟಕ್ಕೆ ಹಾಲು ಒಡೆಯಬೇಕಿತ್ತು.

ಮಾರನೆಯ ದಿನ ಅಜ್ಜಿ ಹುಟ್ಟಿದಾಗಿನಿಂದ ಮೊದಲ ಸಲ ಆಸ್ಪತ್ರೆಗೆ ಹೊರಟಳು. ಬೆಂಚಿನ ಮೇಲೆ ಜರುಗಲು ಒಪ್ಪದೆ ಎಲ್ಲರ ಕೈಲೂ ಬೈಸಿಕೊಂಡಳು. ಡಾಕ್ಟರು ಮತ್ತೆ ಹಲಗೆ ಇಟ್ಟು ತೋರಿಸಿದರು. ಅಜ್ಜಿ ನನ್ನ ಬೆನ್ನಿನ ಮೇಲೆ ಬೆರಳು ಎಳೆದು ನೋಡಿದಳು. ಹಲಗೆ ತೆಗೆಸಿ ಇನ್ನೊಂದು ಸಲ ಎಳೆದಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ಡಾಕ್ಟ್ರಪ್ಪ, ಇಂಥದ್ದೇ ಇನ್ನೊಂದು ಜೊತೆ ಮಾಡ್ಕೊಡಪ್ಪ. ಬೀದಿ ತುಳೀದೆ ಇರೋದು. ಅದು ಮನೆ ಒಳ್ಗಡೀಕೇ ಇರ್ಬೇಕು, ಒರ್ಗಡೀಕೆ ಕಾಲಿಡಂಗಿಲ್ಲ."

ಡಾಕ್ಟರು ಬರೆದುಕೊಟ್ಟರು. ಇಷ್ಟು ಸಣ್ಣ ಉಪಾಯ ಯಾಕೆ ಮೊದಲೇ ಯಾರಿಗೂ ಹೊಳೆಯಲಿಲ್ಲ ಅಂತ ಈಗ ಅನ್ನಿಸುತ್ತದೆ. ಹೊಳೆಯಬೇಕಾದರೆ ಅಜ್ಜಿ ಅಲ್ಲಿಗೆ ಬರಬೇಕಿತ್ತು. ಒಳಗೆ ಏನು ಬರಬಹುದು ಏನು ಬರಬಾರದು ಅನ್ನುವುದು ಅವಳ ಕೈಲಿದ್ದ ವಿಚಾರ, ಡಾಕ್ಟರದ್ದಲ್ಲ.

ಎರಡನೇ ಬೂಟು ಬಂದ ದಿನ ಅಜ್ಜಿ ಅದನ್ನು ಹೊಸಿಲ ಮೇಲಿಟ್ಟು, ಹೊಸ ನೇಗಿಲಿಗೆ ಇಡುವಂಗೆ ಅರಿಶಿನ ಕುಂಕುಮ ಇಟ್ಟಳು. "ಇದು ಆಯುಧ, ಮೆಟ್ಟಲ್ಲ" ಅಂತ ಯಾರೂ ಕೇಳದಿದ್ದರೂ ಹೇಳಿದಳು. ತಪ್ಪಾಯಿತು ಅಂತ ಮಾತ್ರ ಸಾಯುವವರೆಗೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ನನಗೆ ಬೇಕಾಗಿದ್ದು ಬೂಟು. ಒನಕೆ ತಿರುಗಿ ನನ್ನ ಕೈಗೆ ಬಂತು, ಅಷ್ಟು ಮಾತ್ರ ನಷ್ಟ.

ಕಾಲು ಬೆಳೆದಂಗೆಲ್ಲ ಅಟ್ಟೆ ಬದಲಾಯಿಸಿದರು. ಕೆಲವು ವರ್ಷ ಆ ಬೆಂಚಿನ ಮೇಲೆ ಜರುಗಿದ್ದೇ ಜರುಗಿದ್ದು. ಕೊನೆಗೆ ಡಾಕ್ಟರು, "ಬೆಳವಣಿಗೆ ನಿಂತಿದೆ. ಸ್ವಲ್ಪ ವಾಲು ಉಳಿದಿದೆ, ಇನ್ನು ಹೆಚ್ಚಾಗಲ್ಲ. ಬೂಟು ಮಾತ್ರ ಬಿಡಬೇಡ" ಅಂದರು. ಆ ಸ್ವಲ್ಪ ವಾಲು ಈಗಲೂ ಇದೆ. ಥಂಡಿಗೆ ನೋಯುತ್ತದೆ. ನೋಯಲಿ.

ಗಂಡು ನೋಡಲು ಬಂದಾಗ ಅವ್ವ ಬೂಟು ಬಚ್ಚಿಟ್ಟಳು. ನಾನು ಹುಡುಕಿ ಹಾಕಿಕೊಂಡೆ. ಯಲಹಂಕದ ಕಡೆಯ ಸಿಂಗಾಪುರ ಅನ್ನುವ ಹಳ್ಳಿಯವರು ಕಾಫಿ ಕುಡಿದು ಎದ್ದು ಹೋದರು. ಆಮೇಲೆ ಚಿಕ್ಕಬಾಣಾವರದವರು ಬಂದರು. ಹುಡುಗ ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿದ.

"ಅದ್ರಾಗೆ ನೋಯ್ತದಾ?" ಅಂತ ಕೇಳಿದ.

"ಇಲ್ಲ. ಬಿಚ್ಚಿದ್ರೆ ನೋಯ್ತದೆ."

"ಅಂಗಾರೆ ಬಿಚ್ಚಬ್ಯಾಡ" ಅಂದ. ಒಪ್ಪಿಕೊಂಡೆ.

ಮದುವೆಯಾಗಿ ಚಿಕ್ಕಬಾಣಾವರದ ಮನೆಯ ಮುಂದೆ ನಿಂತೆವು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು. ಬಲಗಾಲಲ್ಲಿ ಅದನ್ನು ಒದ್ದು ಒಳಗೆ ಹೋಗಬೇಕು. ನನ್ನ ಕಾಲಲ್ಲಿ ಬೀದಿ ತುಳಿಯದ ಹೊಸ ಬೂಟು, ಆ ಮನೆಯ ಬಾಗಿಲಲ್ಲೇ ಹಾಕಿಕೊಂಡಿದ್ದು. ಅತ್ತೆಗೆ ಮೊದಲೇ ಎಲ್ಲ ಹೇಳಿತ್ತು, ಅವರು ಹೂಂ ಅಂದಿದ್ದರು. ಆದರೆ ಈಗ ನೆಂಟರೆಲ್ಲ ಸುತ್ತ ನಿಂತಿದ್ದರು.

"ಒಂದು ಗಳಿಗೆ ಬಿಚ್ಚವ್ವ. ಲಕ್ಷ್ಮಿ ಒಳಕ್ಕೆ ಬರೋ ಒತ್ತು. ಆಮ್ಯಾಕೆ ಆಕ್ಕಳೀವಂತೆ" ಅಂದರು ಅತ್ತೆ.

ಹಿಂದಿನಿಂದ ಅವ್ವ ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು. "ಒಂದೇ ಗಳಿಗೆ ಕಣೇ."

ಒಂದು ಸಲ ಹೊಸಿಲಾಚೆ ಬಿಚ್ಚಿಟ್ಟ ಬೂಟು ನಮ್ಮ ಮನೆಯಲ್ಲಿ ಜಗಲಿಯ ಕೆಳಗೇ ಉಳಿದುಹೋಗಿತ್ತು. ನಾನು ಬಗ್ಗಿ ಬಲಗಾಲಿನದು ಬಿಚ್ಚಿ ಪಕ್ಕಕ್ಕಿಟ್ಟೆ.

"ಬಲಗಾಲಿಂದು ಬಿಚ್ಚಿವ್ನಿ ಅತ್ತೆ. ಅಕ್ಕಿಗೆ ಚರ್ಮ ತಾಕ್ಬಾರ್ದು, ನಂಗೂ ಗೊತ್ತು. ಎಡಗಾಲಿಂದು ಬಿಚ್ಚಲ್ಲ. ಅದ್ರ ಮ್ಯಾಲೆ ನಿಂತ್ರೇ ನಾನು ಒದೆಯೋದು. ಇದು ಒಳಕ್ಕೆ ಬಂದ್ರೆ ನಾನೂ ಬತ್ತೀನಿ."

ಅತ್ತೆ ಮಗನ ಮುಖ ನೋಡಿದರು.

"ಬೇಗ ಒದಿಯಮ್ಮಿ" ಅಂದ ನನ್ನ ಗಂಡ. "ಬೆಳಗಿಂದ ನಿಂತೂ ನಿಂತೂ ನಂಗೂ ಕಾಲು ನೋಯ್ತಾವೆ."

ಎಡಗಾಲ ಮೇಲೆ ನೆಟ್ಟಗೆ ನಿಂತೆ. ಅಲುಗಾಡಲಿಲ್ಲ. ಬಲಗಾಲು ಬೀಸಿ ಒದ್ದೆ. ಸೇರು ಉರುಳಿಕೊಂಡು ನಡುಮನೆಯ ಕಂಬಕ್ಕೆ ಬಡಿಯಿತು, ಅಕ್ಕಿ ಅತ್ತೆಯ ಕಾಲಿನವರೆಗೂ ಹಾರಿತು. ಅತ್ತೆ ಹಿಂದೆ ಸರಿದು ದಾರಿ ಬಿಟ್ಟರು. ಅಕ್ಕಿ ಇಲ್ಲದ ಜಾಗ ನೋಡಿ ನೋಡಿ ಕಾಲಿಡುತ್ತಾ ನಾನು ಒಳಗೆ ಹೋದೆ.